ಗಡಿಯಾಚೆಯ ಮನೆಮಾತು

1948ರಲ್ಲಿ ರಾಮದುರ್ಗ, ಜತ್ತ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ರಾಮದುರ್ಗವು ಬೈಲಹೊಂಗಲ, ಕಿತ್ತೂರು, ಸವದತ್ತಿಗಳೊಡನೆ ಮೈಸೂರು ರಾಜ್ಯಕ್ಕೆ ಸೇರಿತು, ಜತ್ತ ಸೇರಲಿಲ್ಲ. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೊಳಪಟ್ಟ ಆ ತಾಲ್ಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಮಹಾರಾಷ್ಟ್ರದ ಭಕ್ತರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. ಈ ಕಡೆಯವರು ಜತ್ತ ತಾಲ್ಲೂಕಿನ ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಹೋಗುತ್ತಾರೆ. ಗಡಿಯ ತಕರಾರಿನಲ್ಲಿ ದೇವಿಯರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ!

ಹೊಲದ ‘ಉತಾರ’ ಎಂಬ ಮಾತು ಎರಡೂ ಕಡೆ ಒಂದೇ. ಆದರೆ ಜತ್ತದ ರೈತನ ಕೈಗೆ ಬರುವ ಉತಾರ ಮರಾಠಿಯದು. ಅಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳುಂಟು. ಆದರೂ ಮಗನ ನೌಕರಿಯನ್ನು ನೆನೆದು ತಂದೆಯಾದವನು ಮರಾಠಿ ಶಾಲೆಯತ್ತ ನೋಡಿದರೆ ತಪ್ಪೆನ್ನುವುದು ಹೇಗೆ? ಆ ಹುಡುಗ ಅಜ್ಜಿಯೊಡನೆ ಕನ್ನಡದಲ್ಲಿಯೇ ಜಗಳವಾಡುತ್ತಾನೆ. ಆಕೆಗೊಂದು ಕಾಗದ ಬರೆಯಲಾರ.