ಜವವೋ ವೇಗವೋ: ಒಂದೇ ಲೆಕ್ಕಕ್ಕೆ ಎರಡು ಉತ್ತರ

ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದರ ವಿರುದ್ಧ ಕಾಸರಗೋಡಿನ ಹೆತ್ತವರು ಹಲವು ಬಾರಿ ಪ್ರತಿಭಟಿಸಿದ್ದಾರೆ. ಗಣಿತ, ವಿಜ್ಞಾನಕ್ಕೆ ಭಾಷೆ ಅಷ್ಟು ಮುಖ್ಯವಲ್ಲ, ಸೂತ್ರ ಎಲ್ಲೆಡೆ ಒಂದೇ ಎನ್ನುವವರು ನಿಮಗೂ ಸಿಕ್ಕಿರಬಹುದು.

ಸೂತ್ರ ಒಂದೇ, ನಿಜ. ಗಂಟೆಗೆ 30 ಕಿ.ಮೀ.ನಂತೆ ಓಡುವ ಬಸ್ಸು 40 ನಿಮಿಷದಲ್ಲಿ 20 ಕಿ.ಮೀ. ಹೋಗುತ್ತದೆ, ಮಂಜೇಶ್ವರದಲ್ಲೂ ಅಷ್ಟೇ, ತಾಳವಾಡಿಯಲ್ಲೂ ಅಷ್ಟೇ. ತೊಡಕಿರುವುದು ಪದದಲ್ಲಿ.

ಕರ್ನಾಟಕದ ಕನ್ನಡ ವಿಜ್ಞಾನ ಪುಸ್ತಕಗಳಲ್ಲಿ ಗಂಟೆಗೆ ಸಾಗಿದ ದೂರ ‘ಜವ’. ದಿಕ್ಕನ್ನೂ ಲೆಕ್ಕಕ್ಕೆ ಹಿಡಿದರೆ ಅದು ‘ವೇಗ’. ಮಲಯಾಳದಲ್ಲಿ ಮೊದಲನೆಯದೇ ವೇಗ, ಎರಡನೆಯದು ಪ್ರವೇಗ. ತಮಿಳಿನಲ್ಲಿ ವೇಗಂ, ತಿಸೈವೇಗಂ. ತೆಲುಗಿನಲ್ಲಿ ವಡಿ, ವೇಗಂ. ಮರಾಠಿಯಲ್ಲಿ ಚಾಲ್, ವೇಗ್. ಹಾಗಾಗಿ ಅಕ್ಕಲಕೋಟೆ, ಮಡಕಶಿರಾದ ಮಕ್ಕಳಿಗೆ ತೊಂದರೆ ಕಡಿಮೆ. ಕಾಸರಗೋಡು, ಹೊಸೂರಿನಲ್ಲಿ ಅದೇ ಪದ ಗಡಿ ದಾಟುತ್ತಲೇ ಅರ್ಥ ಬದಲಿಸುತ್ತದೆ.

ಮನೆಯಿಂದ ಶಾಲೆಗೆ 2 ಕಿ.ಮೀ. ಎನ್ನಿ. ಮಗು ಅರ್ಧ ಗಂಟೆ ನಡೆದು ಶಾಲೆ ಮುಟ್ಟಿತು. ಪುಸ್ತಕ ಮರೆತದ್ದು ನೆನಪಾಗಿ ಅದೇ ದಾರಿಯಲ್ಲಿ ಇನ್ನರ್ಧ ಗಂಟೆಯಲ್ಲಿ ಮನೆಗೆ ಬಂತು. ನಡೆದದ್ದು 4 ಕಿ.ಮೀ., ಸರಾಸರಿ ಜವ ಗಂಟೆಗೆ 4 ಕಿ.ಮೀ. ಸರಾಸರಿ ವೇಗ ಮಾತ್ರ ಸೊನ್ನೆ, ಹೊರಟಲ್ಲಿಗೇ ಬಂದಾಯಿತಲ್ಲ! ‘ಸರಾಸರಿ ವೇಗ ಎಷ್ಟು’ ಎಂಬ ಪ್ರಶ್ನೆಗೆ ಹೀಗೆ ಕಲಿತ ಮಗು ಸೊನ್ನೆ ಬರೆದರೆ, ಮಲಯಾಳದ ಅರ್ಥ ಹಿಡಿದು ತಿದ್ದುವವರಿಗೆ ಅದು ತಪ್ಪು. ಅಂಕ ಹೋಗುವುದು ಮಗುವಿನದ್ದು.

ಊರಮಾತಿನಲ್ಲಿ ನಾವೂ ಬಸ್ಸಿನ ವೇಗ ಎನ್ನುತ್ತೇವೆಯೇ ಹೊರತು ಬಸ್ಸಿನ ಜವ ಎನ್ನುವುದಿಲ್ಲ. ಗೊಂದಲದ ಒಂದು ಪಾಲು ಕನ್ನಡದೊಳಗೇ ಇದೆ ಎಂಬುದನ್ನು ಒಪ್ಪಬೇಕು. ಕನ್ನಡ ಬಲ್ಲ ಶಿಕ್ಷಕರು ಅದನ್ನು ಒಂದು ಪಿರಿಯಡಿನಲ್ಲಿ ಬಿಡಿಸಿ ಹೇಳಬಲ್ಲರು. ಕನ್ನಡ ಬಾರದವರಿಗೆ ಮಗು ಎಲ್ಲಿ ಎಡವಿತು ಎಂಬುದೇ ಕಾಣದು.

ಇಂದು ಸಂಜೆ ಮಗುವಿನ ವಿಜ್ಞಾನ ಪುಸ್ತಕ ತೆರೆದು ಚಲನೆಯ ಪಾಠದಲ್ಲಿ ಯಾವ ಪದಗಳಿವೆ ನೋಡಿ. ನೋಟ್ ಪುಸ್ತಕದಲ್ಲೂ ಅವೇ ಇವೆಯೇ? ಬೇರೆಯಾಗಿದ್ದರೆ ಎರಡನ್ನೂ ಮುಂದಿನ ಪಿ.ಟಿ.ಎ. ಸಭೆಗೆ ಕೊಂಡೊಯ್ಯಿರಿ.