ಕಾಣಿಕೆಯು ಮೂಲಕ್ಕೆ ಸಲ್ಲಲಿ



ಶಾಲೆಗೆ ನಮ್ಮ ಜ್ಞಾಪಕಾರ್ಥವಾಗಿ ಏನಾದರೊಂದು ಕಾಣಿಕೆ ಕೊಡಬೇಕೆಂಬ ಇಚ್ಛೆಯು ನಮ್ಮೆಲ್ಲರಲ್ಲಿಯೂ ಉಂಟು. ಕಮಾನು, ಸಭಾಮಂಟಪ, ಅಮೃತಶಿಲೆಯ ಫಲಕ ಎಂದು ಹಲವರು ಹೇಳುವರು. ಅದು ಕೆಳಗಿನ ತರಗತಿಗಳ ಪ್ರಯೋಗಶಾಲೆಗೆ ಸಲ್ಲತಕ್ಕದ್ದೆಂಬುದು ನನ್ನ ಮತ. ಇದಕ್ಕೆ ಭೌತಶಾಸ್ತ್ರದಿಂದಲೇ ಒಂದು ದೃಷ್ಟಾಂತವನ್ನು ಕೊಡುವೆನು.

ಪರಮಾಣುವಿನ ಗರ್ಭವನ್ನು ಶೋಧಿಸುವ ವಿಜ್ಞಾನಿಗಳು ಭಾರವಾದ ಪರಮಾಣುಗಳನ್ನು ಮಹಾವೇಗದಿಂದ ಓಡಿಸುವ ಯಂತ್ರಗಳನ್ನು ಕಟ್ಟಿರುವರು. ನೋಡಬಂದವರು ಯಂತ್ರದ ಗಾತ್ರಕ್ಕೆ ಬೆರಗಾಗುವರೇ ಹೊರತು, ಅದರ ಮೊದಲ ತುದಿಯಲ್ಲಿರುವ 'ಅಯಾನು ಮೂಲ'ವನ್ನು ವಿಚಾರಿಸುವವರು ವಿರಳ. ಆದರೆ ವಿದ್ಯುದಾವೇಶವಿಲ್ಲದ ಪರಮಾಣುವನ್ನು ಯಾವ ಯಂತ್ರವೂ ಓಡಿಸಲಾರದು. ಎಲೆಕ್ಟ್ರಾನುಗಳನ್ನು ಕಳಚಿದರೆ ಅದಕ್ಕೆ ಆವೇಶವು ಬರುವುದು. ಮೂಲದಲ್ಲಿ ಆವೇಶವು ಎರಡರಷ್ಟಾದರೆ, ಅದೇ ಸೈಕ್ಲೋಟ್ರಾನಿನಲ್ಲಿ ದೊರೆಯಬಹುದಾದ ಶಕ್ತಿಯು ನಾಲ್ಕರಷ್ಟಾಗುವುದು!

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ರಿಚರ್ಡ್ ಗೆಲ್ಲರ್ ಎಂಬವರು 1970ರ ದಶಕದಲ್ಲಿ ಇಂತಹ ಮೂಲವೊಂದನ್ನು ಬೆಳೆಯಿಸಿದರು. ಕಾಂತಕ್ಷೇತ್ರದ ಬೇಲಿಯೊಳಗೆ ವಿರಳವಾದ ಅನಿಲವನ್ನಾಗಲಿ ಲೋಹದ ಆವಿಯನ್ನಾಗಲಿ ಬಿಟ್ಟು, ಸೂಕ್ಷ್ಮತರಂಗಗಳನ್ನು ಹಾಯಿಸುವರು. 1 ಟೆಸ್ಲಾ ಬಲದ ಕ್ಷೇತ್ರದಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 2,800 ಕೋಟಿ ಸಲ ಸುತ್ತುವುದು. ತರಂಗದ ಗತಿಯೂ ಅಷ್ಟೇ ಇದ್ದರೆ, ತಕ್ಕ ಸಮಯದಲ್ಲಿ ನೂಕಿದ ಉಯ್ಯಾಲೆಯಂತೆ ಎಲೆಕ್ಟ್ರಾನುಗಳು ಬಲಗೊಂಡು, ಪರಮಾಣುಗಳಿಗೆ ಬಡಿದು, ಅವುಗಳ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳಚುವುವು.

ಈ ಕಾರ್ಯದಲ್ಲಿ ಅವಸರವು ಸಲ್ಲದು. ಒಳಗಿನ ಎಲೆಕ್ಟ್ರಾನುಗಳು ಸುಲಭವಾಗಿ ಬಿಡಲಾರವಾದುದರಿಂದ ಅಯಾನುಗಳನ್ನು ಬೇಲಿಯೊಳಗೆ ಹಿಡಿದಿಡಬೇಕು. ಅನಿಲವನ್ನು ಅತಿಯಾಗಿ ತುಂಬಿದರೋ, ಅಯಾನು ಅದರಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು, ಗಳಿಸಿದ ಆವೇಶವನ್ನೇ ಕಳೆದುಕೊಳ್ಳುವುದು. ಬಾಯಿಪಾಠವನ್ನೇ ತುಂಬುವ ನಮಗೆ ಇದು ಎಚ್ಚರಿಕೆಯಲ್ಲವೆ?

ಅಮೆರಿಕದ ಬರ್ಕ್ಲಿಯಲ್ಲಿ 1960ರ ದಶಕದ ಸೈಕ್ಲೋಟ್ರಾನಿಗೆ 1980ರ ದಶಕದಲ್ಲಿ ಇಂತಹ ಮೂಲವನ್ನು ಜೋಡಿಸಿದರು. ಹಳೆಯ ಯಂತ್ರವೇ ಹೊಸ ಶಕ್ತಿಯನ್ನು ಪಡೆಯಿತು. ಜಪಾನಿನ ಚಿಬಾದಲ್ಲಿ 1994ರಿಂದ ಇಂಗಾಲದ ಅಯಾನುಗಳಿಂದ ಅರ್ಬುದರೋಗಕ್ಕೆ ಚಿಕಿತ್ಸೆ ನಡೆದಿದೆ. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ 2010ರಲ್ಲಿ ಮಹಾಯಂತ್ರದೊಳಗೆ ಡಿಕ್ಕಿ ಹೊಡೆದ ಸೀಸದ ಅಯಾನುಗಳೂ ಇಂತಹ ಮೂಲದಿಂದಲೇ ಹೊರಟವು.

"ಮುಂದೆ ಕಾಲೇಜಿನಲ್ಲಿ, ತರಬೇತಿ ಕೇಂದ್ರಗಳಲ್ಲಿ ಹುಡುಗಿಯರು ಎಲ್ಲವನ್ನೂ ಕಲಿಯುವರು" ಎಂದು ಕೆಲವರು ಆಕ್ಷೇಪಿಸಬಹುದು. ಮಕ್ಕಳು ಪರಮಾಣುಗಳಲ್ಲವೆಂಬುದನ್ನು ಒಪ್ಪುವೆನು. ತಡವಾಗಿ ಅರಳುವವರೂ ಉಂಟು. ಆದರೂ ಹನ್ನೆರಡನೆಯ ವಯಸ್ಸಿನಲ್ಲಿ ಕಾಂತವನ್ನೂ ತಂತಿಯನ್ನೂ ಕೈಯಿಂದ ಮುಟ್ಟದ ಹುಡುಗಿಯು, ವಿಜ್ಞಾನವು ತನ್ನದಲ್ಲವೆಂದು ತೀರ್ಮಾನಿಸಿ ಕಾಲೇಜಿನ ಬಾಗಿಲಿಗೇ ಬಾರದೆ ಹೋಗುವಳು. ಬಳಿಕ ಯಾವ ಮಹಾಯಂತ್ರವು ಅವಳನ್ನು ಮುಂದಕ್ಕೊಯ್ಯಬಲ್ಲುದು?

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯಲ್ಲಿಯೇ ಕೇಳಿದೆವು. ಅಸ್ತಿವಾರವು ಕಣ್ಣಿಗೆ ಕಾಣದು. ಅದಕ್ಕೆ ಕೊಟ್ಟವರ ಹೆಸರೂ ಕಾಣದಿರಬಹುದು. ಹಾಗಿದ್ದರೂ ಈ ವರ್ಷದ ನಮ್ಮ ಕಾಣಿಕೆಯು ಅಲ್ಲಿಗೇ ಸಲ್ಲಲೆಂದು ವಿನಯಪೂರ್ವಕವಾಗಿ ಬಿನ್ನವಿಸುವೆನು.