ಬಣ್ಣಕ್ಕಿಂತ ಮೊದಲು ಬಸಿಗಾಲುವೆ

ತೋಟದಲ್ಲಿ ನೀರು ನಿಂತು ಬೇರು ಕೊಳೆಯುತ್ತಿರುವಾಗ ಮೇಲಿಂದ ಎಷ್ಟು ಔಷಧಿ ಹೊಡೆದರೂ ಪ್ರಯೋಜನ ಇಲ್ಲ. ಮೊದಲು ಬಸಿಗಾಲುವೆ ಬಿಡಿಸಬೇಕು. ಇದನ್ನು ನಾನು ತೋಟಗಾರಿಕೆ ಓದುವಾಗ ಕಲಿತೆ, ನಮ್ಮ ಅಡಿಕೆ ತೋಟದಲ್ಲಿ ಮಾಡಿ ನೋಡಿದೆ, ಕೇಳಿದವರಿಗೆಲ್ಲ ಹೇಳುತ್ತಲೂ ಬಂದೆ. ಆದರೆ ಮನೆಯ ಹೊರಗೋಡೆಗೆ ಬಣ್ಣ ಹಚ್ಚುವಾಗ ಮಾತ್ರ ಈ ಪಾಠ ಪೂರ್ತಿ ಮರೆತುಹೋಯಿತು. ಅದಕ್ಕೆ ನಾನು ತೆತ್ತ ದಂಡ 86,000 ರೂಪಾಯಿ, ಜೊತೆಗೆ ಎರಡು ಚೀಲ ಕಾಳುಮೆಣಸು.

ಈ ವಾರ ಬೆಳೆ ಬಿಟ್ಟು ಗೋಡೆಯ ಬಗ್ಗೆ ಬರೆಯೋದಕ್ಕೆ ಕಾರಣ ಇದೆ. ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ನಮ್ಮ ಕರಾವಳಿ ಕಡೆ ತುಂಬಾ ಮನೆಗಳಲ್ಲಿ ಮೊದಲು ಏಳುವ ಮಾತೇ ಪೇಂಟ್. ಮದುವೆ ಇದ್ದರಂತೂ ಕೇಳುವುದೇ ಬೇಡ. ಅಂಗಡಿಗೆ ಹೋಗಿ "ಇರೋದರಲ್ಲಿ ಒಳ್ಳೆಯದು ಕೊಡಿ" ಅಂತೇವೆ. ಒಳ್ಳೆಯದು ಅಂದರೆ ಜಾಸ್ತಿ ರೇಟಿನದ್ದು. ಎರಡೇ ಮಳೆಗಾಲದಲ್ಲಿ ಆ ಬಣ್ಣ ಚಕ್ಕೆ ಎದ್ದಾಗ ಕಂಪನಿಗೆ ಬೈಯುತ್ತೇವೆ. ನನ್ನ ಪ್ರಕಾರ ಹೆಚ್ಚಿನ ಸಲ ತಪ್ಪು ಬಕೆಟ್‌ನದ್ದಲ್ಲ, ನಮ್ಮದು. ದುಡ್ಡು ಮೊದಲು ನೀರಿನ ದಾರಿಗೆ ಹೋಗಬೇಕು, ಉಳಿದದ್ದು ಬಣ್ಣಕ್ಕೆ. ನಾವು ಮಾಡುತ್ತಿರುವುದು ಉಲ್ಟಾ.

ನಮ್ಮ ಮನೆಯಲ್ಲಿ ಆದದ್ದು

ನಮ್ಮದು ಪುತ್ತೂರಿನ ಕಡೆ, ಕೆಂಪುಕಲ್ಲಿನ ಗೋಡೆಯ ಹಂಚಿನ ಮನೆ. ಅಪ್ಪ ಕಟ್ಟಿಸಿದ್ದು. ಪಡುವಣ ಗೋಡೆಯ ಹಳೆಯ ಸಾರಣೆ, ಅಂದರೆ ಪ್ಲಾಸ್ಟರ್, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ತಂಗಿಯ ಮದುವೆ ಮೇ ತಿಂಗಳಲ್ಲಿ. ಏಪ್ರಿಲ್‌ನಲ್ಲಿ ಹಳೆಯದನ್ನು ಕಿತ್ತು ಹೊಸ ಸಾರಣೆ ಮಾಡಿಸಿದೆವು. ಮೇಸ್ತ್ರಿ ಹೇಳಿದ್ದರು, "ಅಣ್ಣ, ಒಂದು ತಿಂಗಳಾದರೂ ಗೋಡೆ ಒಣಗಲಿ." ನನಗೆ ಎಲ್ಲಿಯ ತಾಳ್ಮೆ? ಹನ್ನೆರಡನೇ ದಿನಕ್ಕೆ ಪೇಂಟಿಂಗ್ ಶುರು ಮಾಡಿಸಿದೆ. ಅದೂ ರಬ್ಬರಿನ ಹಾಗೆ ಹಿಗ್ಗುವ ದಪ್ಪ ವಾಟರ್‌ಪ್ರೂಫ್ ಪೇಂಟ್. ಮದುವೆ ಫೋಟೋದಲ್ಲಿ ಮನೆ ಭಾರೀ ಚಂದ ಬಂತು.

ಜುಲೈಯಲ್ಲಿ ಗೋಡೆ ಮೇಲೆ ಹಪ್ಪಳದಂತೆ ಗುಳ್ಳೆ ಎದ್ದವು. ಒಂದನ್ನು ಉಗುರಿನಿಂದ ಒಡೆದರೆ ಒಳಗಿಂದ ನೀರು ಇಳಿಯಿತು. ಆಗಸ್ಟ್ ಹೊತ್ತಿಗೆ ಅದೇ ಗೋಡೆಯ ಒಳಬದಿ ಕಪ್ಪಾಯಿತು. ಆ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದ ಎರಡು ಚೀಲ ಕಾಳುಮೆಣಸಿಗೆ ಬೂಷ್ಟು ಹಿಡಿದಿತ್ತು. ರಾಸಾಯನಿಕ ಮುಟ್ಟಿಸದೆ ಬೆಳೆದು, ಅಂಗಳದಲ್ಲಿ ಚೆನ್ನಾಗಿ ಒಣಗಿಸಿ, ಬೆಲೆ ಬರಲಿ ಎಂದು ಕಾದು ಇಟ್ಟ ಮೆಣಸು. ವ್ಯಾಪಾರಿ ಮೂಸಿ ನೋಡಿ ವಾಪಸ್ ಕಳಿಸಿದರು. ಅಪ್ಪ ಏನೂ ಹೇಳಲಿಲ್ಲ, ಅದೇ ಹೆಚ್ಚು ನೋವಾಯಿತು. ಅಮ್ಮ ಮಾತ್ರ ಹೇಳಿದರು, "ಗೋಡೆಗೆ ಅಂಗಿ ಹಾಕಿದೆ, ಕೊಡೆ ಹಿಡಿಯಲಿಲ್ಲ."

ಗೋಡೆಗೆ ನೀರು ಎಲ್ಲಿಂದ?

ಆಮೇಲೆ ಕೂತು ಯೋಚಿಸಿದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ರಿಂದ 4000 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ, ಅದೂ ನೈಋತ್ಯದ ಗಾಳಿಯ ಜೊತೆ ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಉಳಿದ ತಿಂಗಳು ಅದೇ ಗೋಡೆಗೆ ಮಧ್ಯಾಹ್ನದ ಬಿಸಿಲು. ಅಡಿಕೆ ಮರದ ಕಾಂಡ ಬಿಸಿಲಿಗೆ ಸುಟ್ಟು ಸೀಳುವುದೂ ಇದೇ ನೈಋತ್ಯ ಬದಿಯಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಬಿಸಿಲಿಗೆ ಹಿಗ್ಗಿ, ಮಳೆಗೆ ಕುಗ್ಗಿ, ಸಾರಣೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ನೀರು ನುಗ್ಗಲು ಅಷ್ಟೇ ಸಾಕು.

ನೀರು ಬರುವ ದಾರಿ ನಾಲ್ಕು. ಮೇಲಿಂದ, ಅಂದರೆ ಒಡೆದ ದಂಬೆ ಮತ್ತು ಸಜ್ಜಾದ ಮೂಲೆಗಳಿಂದ. ಬದಿಯಿಂದ, ಬಿರುಕುಗಳ ಮೂಲಕ. ಕೆಳಗಿಂದ, ಒದ್ದೆ ಮಣ್ಣಿನ ನೀರನ್ನು ಕಲ್ಲು ಬತ್ತಿಯಂತೆ ಎಳೆದುಕೊಂಡು. ನಾಲ್ಕನೆಯದು ಹೊಸ ಸಾರಣೆಗೆ ನಾವೇ ಕುಡಿಸಿದ ನೀರು.

ನಮ್ಮ ಗೋಡೆಗೆ ನಾಲ್ಕೂ ಇದ್ದವು. ದಂಬೆ ಒಡೆದು ಮಾಡಿನ ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಇನ್ನೊಂದು ಹೇಳಲು ನಾಚಿಕೆ: ಗೋಡೆಗೆ ತಾಗಿಸಿ ಮಣ್ಣು ಏರಿಸಿ ಆಂಥೂರಿಯಂ ಪಾತಿ ಮಾಡಿದ್ದು, ಅದಕ್ಕೆ ಡ್ರಿಪ್ ಹಾಕಿದ್ದು ತೋಟಗಾರಿಕೆ ಓದಿದ ನಾನೇ!

ಕೆಂಪುಕಲ್ಲು ತೂತುತೂತು ಇರುವ ಕಲ್ಲು. ನೀರು ಕುಡಿಯುತ್ತದೆ, ಹಾಗೆಯೇ ಬಿಡುತ್ತದೆ ಕೂಡ. ಹೊರಗೆ ದಪ್ಪ ಪೇಂಟಿನ ಪೊರೆ ಹಾಕಿದ ಮೇಲೆ ಒಳಗಿನ ನೀರಿಗೆ ಹೊರಹೋಗಲು ದಾರಿ ಇಲ್ಲ. ಅದು ಪೊರೆಯನ್ನು ಎಬ್ಬಿಸುತ್ತದೆ, ಇಲ್ಲವೇ ಮನೆಯೊಳಗೆ ಬರುತ್ತದೆ. ಮೇಲಾಗಿ ಹಸಿ ಸಿಮೆಂಟ್ ತುಂಬಾ ಖಾರ, ಪಿಎಚ್ 12ರ ಮೇಲೆಯೇ. ಆ ಕ್ಷಾರ ಮತ್ತು ಉಪ್ಪು ನೀರಿನ ಜೊತೆ ಹೊರಗೆ ಬಂದು ಬಣ್ಣವನ್ನು ಮಾಸಿಸುತ್ತದೆ, ಬಿಳಿ ಪುಡಿಯಾಗಿ ಉದುರುತ್ತದೆ.

ಹಾಗಾದರೆ ಮಾಡಬೇಕಾದ್ದೇನು?

ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಜೂನ್‌ನಲ್ಲಿ ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ಚಿಮ್ಮುತ್ತದೆ, ಎಲ್ಲಿ ನಿಲ್ಲುತ್ತದೆ ಎಲ್ಲ ಸಿಗುತ್ತದೆ. ಬೇಸಿಗೆಯಲ್ಲಿ ಯಾವ ಮೇಸ್ತ್ರಿಗೂ ಅದು ಕಾಣುವುದಿಲ್ಲ.

ಮಳೆ ಬಿಟ್ಟ ಮೇಲೆ ಆ ವಿಡಿಯೋ ನೋಡಿಕೊಂಡು ಒಂದೊಂದೇ ಸರಿ ಮಾಡಿ. ದಂಬೆ ರಿಪೇರಿ. ಗೋಡೆ ಬುಡದ ಮಣ್ಣು ತೆಗೆದು ನೀರು ಆಚೆ ಹೋಗುವಂತೆ ಇಳಿಜಾರು. ಗಿಡಗಳು ಮೂರಡಿ ದೂರ. ಸಜ್ಜಾದ ಅಡಿಯ ಅಂಚಿನಲ್ಲಿ ಉದ್ದಕ್ಕೆ ಒಂದು ಗೀರು ಇರಬೇಕು, ಆಗ ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಾರಣೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದಲ್ಲಿ ಕಿತ್ತು ಹೊಸದಾಗಿ ಮಾಡಿಸಬೇಕು. ಬಿರುಕನ್ನು ಕೆರೆದು ಅಗಲಿಸಿ ತುಂಬಬೇಕು, ಮೇಲಿಂದ ಬಣ್ಣ ಬಳಿದು ಮುಚ್ಚೋದಲ್ಲ.

ಪಾಚಿ, ಕಪ್ಪು ಕಲೆ ಇದ್ದರೆ ಗಟ್ಟಿ ಬ್ರಶ್‌ನಿಂದ ಉಜ್ಜಿ. ತೊಳೆಯಲು ಎಚ್‌ಟಿಪಿ ಪಂಪ್ ಬಳಸುವುದಾದರೆ ಮೊದಲು ಪೈಪಿನಲ್ಲಿ ಉಳಿದ ಬೋರ್ಡೋ ತೊಳೆದುಕೊಳ್ಳಿ, ದೂರದಿಂದ ಹೊಡೆಯಿರಿ. ಹತ್ತಿರದಿಂದ ಹೊಡೆದರೆ ಹಳೆಯ ಸಾರಣೆಯೇ ಕಿತ್ತು ಬರುತ್ತದೆ. ಬ್ಲೀಚಿಂಗ್ ಪೌಡರ್ ಬಳಸಿದರೆ ಕೈಗವಸು ಇರಲಿ, ಆ್ಯಸಿಡ್ ಜೊತೆ ಬೆರೆಸಲೇಬೇಡಿ, ಆ ನೀರು ಗಿಡದ ಬುಡಕ್ಕೆ ಹೋಗದಂತೆ ನೋಡಿಕೊಳ್ಳಿ.

ಆಮೇಲೆ ಒಣಗಲು ಬಿಡಿ. ಹೊಸ ಸಾರಣೆಗೆ ಕನಿಷ್ಠ ಒಂದು ವಾರ ನೀರು ಹಾಕಿ, ಅದಾದ ಮೇಲೆ ಸುಮಾರು ಒಂದು ತಿಂಗಳು ಕಾಯಬೇಕು. ಕ್ಯಾಲೆಂಡರ್ ನಂಬಬೇಡಿ, ಪರೀಕ್ಷೆ ಮಾಡಿ: ಒಂದಡಿ ಚದರದ ತೆಳು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ. 24 ಗಂಟೆ ಕಳೆದು ತೆಗೆದಾಗ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಗೋಡೆಯಲ್ಲಿ ಇನ್ನೂ ನೀರಿದೆ ಅಂತ ಅರ್ಥ. ಮತ್ತೊಂದು ವಾರ ಬಿಡಿ.

ಬಣ್ಣ ಹಚ್ಚಲು ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ ಶುರು ಮಾಡಿ. ಕಾದ ಗೋಡೆಗೆ ಹಚ್ಚಬೇಡಿ, ಬಣ್ಣ ಹಿಡಿಯುವ ಮೊದಲೇ ಮೇಲ್ಪದರ ಒಣಗಿಬಿಡುತ್ತದೆ. ನೆರಳಿನ ಹಿಂದೆ ಹೋಗಿ: ಬೆಳಿಗ್ಗೆ ಪಡುವಣ ಗೋಡೆ, ಮಧ್ಯಾಹ್ನದ ಮೇಲೆ ಮೂಡಣ ಗೋಡೆ. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಮಳೆ ಜೊತೆ ತೇವಾಂಶವನ್ನೂ ನೋಡಿ, 85 ಶೇಕಡಾ ದಾಟಿದ್ದರೆ ಆ ದಿನ ಬೇರೆ ಕೆಲಸ ಮಾಡಿ. ಪ್ರೈಮರ್ ಬಿಡಬೇಡಿ. ಬಣ್ಣ ತಿಳಿಯದ್ದಿರಲಿ. ಈಗ ಫ್ಯಾಷನ್ ಆಗಿರುವ ಕಡು ಬೂದು, ಕಡುಗೆಂಪು ಬಿಸಿಲನ್ನು ಹೀರುತ್ತವೆ, ಗೋಡೆ ಹೆಚ್ಚು ಕಾಯುತ್ತದೆ, ಬಿರುಕೂ ಹೆಚ್ಚು.

ಸುಣ್ಣ ಅಂದರೆ ಯಾಕೆ ಕೀಳು?

ಇಲ್ಲಿ ನನ್ನದೊಂದು ತಕರಾರು ಇದೆ. ಸುಣ್ಣ ಬಳಿದ ಮನೆ ಅಂದರೆ ದುಡ್ಡಿಲ್ಲದವರ ಮನೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಎಳೆಯ ಅಡಿಕೆ ಮರ ಬಿಸಿಲಿಗೆ ಸುಡಬಾರದೆಂದು ಕಾಂಡಕ್ಕೆ ಸುಣ್ಣ ಬಳಿಯುತ್ತೇವೆ. 100 ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತದ ಜೊತೆ ಒಂದು ಕಿಲೋ ಒಳ್ಳೆಯ ಸುಣ್ಣವೇ ಬೇಕೆಂದು ಹುಡುಕಿ ತರುತ್ತೇವೆ. ಗೋಡೆಗೆ ಮಾತ್ರ ಬೇಡವೇ?

ಸುಣ್ಣದ ಪದರ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ, ಆದರೆ ಗೋಡೆಯ ಉಸಿರು ಕಟ್ಟಿಸುವುದಿಲ್ಲ. ಹೊಸದಾಗಿರುವಷ್ಟು ದಿನ ಅದರ ಕ್ಷಾರಕ್ಕೆ ಪಾಚಿ, ಬೂಷ್ಟು ಸುಲಭಕ್ಕೆ ಹಿಡಿಯೋದಿಲ್ಲ. ಬಿಳಿಯಾದ್ದರಿಂದ ಬಿಸಿಲು ಹಿಂದಕ್ಕೆ ಹೋಗುತ್ತದೆ. ನಾನು ಮರುವರ್ಷ ಆ ಪೇಂಟ್ ಪೂರ್ತಿ ಕೆರೆಸಿ, ಡಿಸೆಂಬರ್ ಇಡೀ ಗೋಡೆ ಒಣಗಲು ಬಿಟ್ಟು, ಜನವರಿಯಲ್ಲಿ ಪಡುವಣ ಗೋಡೆಗೆ ಚಿಪ್ಪುಸುಣ್ಣ ಬಳಿದೆ. ಸುಣ್ಣ ನೀರಿಗೆ ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳು ಮಾಡಿ, ಸ್ವಲ್ಪ ಗೋಂದು ಸೇರಿಸಿ, ಗೋಡೆಯನ್ನು ತುಸು ನೆನೆಸಿ, ಮೂರು ತೆಳು ಕೋಟು. ನಾನು, ಅಪ್ಪ ಸೇರಿಯೇ ಮಾಡಿದೆವು.

ಸುಣ್ಣಕ್ಕೆ ಮಿತಿಯೂ ಇದೆ. ಒರಗಿದರೆ ಬಟ್ಟೆಗೆ ಹತ್ತುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಅಲ್ಲಲ್ಲಿ ತೊಳೆದು ಹೋಗಿರುತ್ತದೆ, ವರ್ಷಕ್ಕೊಂದು ಕೋಟು ಬೇಕು. ಪೇಂಟ್ ಇರುವ ಗೋಡೆಯ ಮೇಲೆ ಬಳಿದರೆ ನಿಲ್ಲುವುದಿಲ್ಲ. ಪೇಂಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮದೇ ಮನೆಯ ಮೂಡಣ, ಬಡಗಣ ಗೋಡೆಗಳಿಗೆ ಮಾಡಿನ ಸೂರು ಚೆನ್ನಾಗಿದೆ, ಸಾರಣೆ ಗಟ್ಟಿ ಇದೆ. ಅಲ್ಲಿ ಪ್ರೈಮರ್ ಕೊಟ್ಟು ಸಾಧಾರಣ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟು ಹಚ್ಚಿದೆ. ಮೂರು ಮಳೆಗಾಲ ಕಳೆಯಿತು, ಒಂದು ಚಕ್ಕೆಯೂ ಎದ್ದಿಲ್ಲ. ಒಣಗಿದ ಗೋಡೆಗೆ ಸಾಧಾರಣ ಪೇಂಟೂ ನಿಲ್ಲುತ್ತದೆ, ಒದ್ದೆ ಗೋಡೆಗೆ ಎಷ್ಟು ದುಬಾರಿಯದ್ದೂ ನಿಲ್ಲುವುದಿಲ್ಲ.

"ಮದುವೆ ತಾರೀಕು ಗೋಡೆ ಒಣಗುವುದನ್ನು ಕಾಯುತ್ತದಾ?" ಅಂತ ನೀವು ಕೇಳಬಹುದು. ಕಾಯುವುದಿಲ್ಲ, ಸರಿ. ಹಾಗಿದ್ದರೆ ಎದುರಿನ ಹಳೆಯ ಒಣ ಗೋಡೆಗಷ್ಟೇ ಬಣ್ಣ ಮಾಡಿಸಿ, ಹೊಸ ಸಾರಣೆಯನ್ನು ಹಾಗೇ ಬಿಡಿ. ಅಥವಾ ಅದಕ್ಕೆ ಸುಣ್ಣ ಬಳಿದು ಮದುವೆ ಮುಗಿಸಿ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಬಂದವರು ಏನೆಂದಾರು ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಗೋಡೆ ಉಳಿಯಿತು.

ಈಗ ನಮ್ಮ ಮೆಣಸಿನ ಚೀಲಗಳು ಗೋಡೆಯಿಂದ ಒಂದಡಿ ದೂರ, ಮರದ ಹಲಗೆ ಮೇಲೆ ಇವೆ. ಕೋಣೆಯಲ್ಲಿ ಮುಗ್ಗಲು ವಾಸನೆ ಇಲ್ಲ. ಈ ವರ್ಷ ಮನೆಗೆ ಬಣ್ಣ ಅಂತ ಯೋಚನೆ ಮಾಡಿದ್ದರೆ, ಅಂಗಡಿಯ ಶೇಡ್ ಕಾರ್ಡ್ ನೋಡುವ ಮೊದಲು ಮನೆಯ ದಂಬೆ ನೋಡಿ ಬನ್ನಿ.